ಎರಡನೇ ಬ್ರೇಕು

“ಹೋಗಿಲ್ಲ,” ಎಂದರು ಮೇಷ್ಟ್ರು, ಸ್ಟೇರಿಂಗಿನ ಹಿಂದೆ ಕೂತು ಕತ್ತು ಮುಂದೆ ಚಾಚಿ. “ಉಳಿದಿದ್ದೆಲ್ಲ ಹೋಗಿದೆ. ಅದೊಂದು ಹೋಗಿಲ್ಲ ನೋಡು.”

ಗಾಜು ಉಜ್ಜುವವಳು ಮೆಷಿನ್ನು ನಿಲ್ಲಿಸಿ ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿದಳು. ಅವಳ ಹುಬ್ಬಿನ ಮೇಲೆಲ್ಲ ಪಾಲಿಶ್ ಪುಡಿಯ ನೀರು ಚಿಮ್ಮಿ ಒಣಗಿ ಬೆಳ್ಳಗಾಗಿತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗಿನಿಂದ ಅವಳು ಈ ಒಂದೇ ಕಾರಿನ ಬೆನ್ನು ಹತ್ತಿದ್ದಳು. ವೈಪರಿನ ರಬ್ಬರು ಹರಿದು, ಒಳಗಿನ ಕಬ್ಬಿಣದ ಪಟ್ಟಿ ಗಾಜಿನ ಮೇಲೆ ಕಮಾನು ಕಮಾನಾಗಿ ಗೀರುಗಳನ್ನು ಎಳೆದಿತ್ತು. ಪುಡಿಯನ್ನು ನೀರಿನಲ್ಲಿ ಕಲಸಿ, ಮೆಷಿನ್ನಿನ ಉಣ್ಣೆಯ ಬಿಲ್ಲೆಗೆ ಬಳಿದು, ಗಾಜು ಕಾದು ಸೀಳದಂತೆ ಮುಂಗೈ ಇಟ್ಟು ನೋಡುತ್ತ, ಆಗಾಗ ನೀರು ಚಿಮುಕಿಸುತ್ತ ಒಂದೊಂದನ್ನೇ ತೆಗೆದಿದ್ದಳು. ಕೆಲಸ ಚೆನ್ನಾಗಿಯೇ ಆಗಿತ್ತು. ಹಾಗಂತ ಅವಳಿಗೂ ಗೊತ್ತಿತ್ತು.

“ಎಲ್ಲಿ ಮೇಷ್ಟ್ರೇ?” ಎಂದಳು, ಗಾಜಿನ ಮೇಲೆ ಉಗುರು ಆಡಿಸುತ್ತ. ಗೀರು ಆಳವಾಗಿದ್ದರೆ ಉಗುರು ಸಿಕ್ಕಿಕೊಳ್ಳಬೇಕು. ಅದು ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಹೋಯಿತು. “ಏನೂ ಸಿಗ್ತಿಲ್ಲವಲ್ಲ.”

“ನಿನ್ನ ಉಗುರಿಗೇನು ಗೊತ್ತು? ಕೂತ್ಕೊಂಡು ನೋಡೋನು ನಾನು.”

ಅವರ ಮಾತಿನ ಧಾಟಿಯೇ ಹಾಗೆ. ಊರಿನ ಅರ್ಧದಷ್ಟು ಜನ ಅವರ ಬೈಗುಳ ತಿಂದೇ ಕಾರು ಕಲಿತವರು. ಅವರ ಡ್ರೈವಿಂಗ್ ಸ್ಕೂಲಿಗೆ ಇದ್ದಿದ್ದು ಇದೊಂದೇ ಕಾರು. ತಲೆಯ ಮೇಲೊಂದು ಬೋರ್ಡು, ಪಕ್ಕದ ಸೀಟಿನ ಕೆಳಗೆ ಮೇಷ್ಟ್ರ ಕಾಲಿಗೆಂದೇ ಇರುವ ಎರಡನೇ ಬ್ರೇಕು. ಕಲಿಯುವವರು ತಿರುವಿನಲ್ಲಿ ಕಾರು ನಿಲ್ಲಿಸಿ ನಡುಗುತ್ತಿದ್ದರೆ ಮೇಷ್ಟ್ರು ಆ ಕಡೆ ಈ ಕಡೆ ನೋಡಿ “ಖಾಲಿ, ಹೋಗು” ಅನ್ನುತ್ತಿದ್ದರು. ಅಷ್ಟಾದ ಮೇಲೆಯೇ ಕಾರು ಮುಂದಕ್ಕೆ. ಈ ಗಾಜಿನವಳೂ ಅವರ ಕೈಯಲ್ಲೇ ಕಲಿತವಳು. ಮೊದಲ ದಿನವೇ ಯಾರದೋ ಕಾಂಪೌಂಡಿಗೆ ಕಾರು ನುಗ್ಗಿಸಿ ಬಿರುಗಾಳಿ ಅಂತ ಹೆಸರು ಗಿಟ್ಟಿಸಿಕೊಂಡಿದ್ದಳು. ಇವತ್ತಿಗೂ ಮೇಷ್ಟ್ರು ಅವಳನ್ನು ಬೇರೆ ಹೆಸರಿನಲ್ಲಿ ಕರೆದಿದ್ದಿಲ್ಲ.

“ಮೇಷ್ಟ್ರೇ, ಬೆಳಿಗ್ಗೆ ನೀವು ಹೇಳಿದ್ದು ಪಕ್ಕದ ಸೀಟಿನ ಎದುರಿಗೆ ಗೀರಿದೆ ಅಂತ,” ಎಂದಳು ಬಿರುಗಾಳಿ. “ಈಗ ಈ ಕಡೆ ಅಂತೀರಿ.”

“ಎರಡೂ ಕಡೆ ಇದೆ. ಮಾತು ಬೇಡ, ಕೆಲಸ ನೋಡು. ಐದು ಗಂಟೆಗೆ ನರ್ಸಮ್ಮನ ಪಾಠ ಇದೆ.”

ನರ್ಸಮ್ಮನ ಹೆಸರೆತ್ತಿದವರೇ ಮೇಷ್ಟ್ರು ಮುಖವನ್ನು ಗಾಜಿನ ಕಡೆ ತಿರುಗಿಸಿಕೊಂಡರು. ನಿನ್ನೆ ಸಂಜೆಯ ಸಂಗತಿಯನ್ನು ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಹಿಂದಿನ ತಿರುವಿನಲ್ಲಿ ನರ್ಸಮ್ಮ ಕಾರು ನಿಲ್ಲಿಸಿದ್ದಳು. ಮೇಷ್ಟ್ರು ನೋಡಿದರು. ರಸ್ತೆ ಬೋಳಾಗಿತ್ತು. “ಖಾಲಿ, ಹೋಗು” ಅಂದರು. ಕಾರು ನಾಲ್ಕು ಮಾರು ಹೋಗಿತ್ತೋ ಇಲ್ಲವೋ, ನರ್ಸಮ್ಮ ಕಿರುಚಿಕೊಂಡು ತಾನೇ ಬ್ರೇಕು ತುಳಿದಳು. ಬಾನೆಟ್ಟಿನ ಮುಂದೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಮಗುವನ್ನು ಎದೆಗೆ ಅವಚಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಎಲ್ಲಿಂದ ಬಂದಳು? ಬಂದಿರಲಿಲ್ಲ, ಅಲ್ಲೇ ಇದ್ದಳು. ಅವಳು ಅಂಗೈಯಿಂದ ಬಾನೆಟ್ಟಿಗೆ ರಪ್ಪನೆ ಬಡಿದು, “ಕಣ್ಣು ಕಾಣಲ್ವೇನ್ರೀ ನಿಮಗೆ?” ಎಂದು ಕೂಗಿದಳು.

ರಸ್ತೆಯ ಮೇಲೆ ದಿನ ಬೆಳಗಾದರೆ ಕೇಳುವ ಮಾತು. ಮೇಷ್ಟ್ರೇ ಎಷ್ಟು ಜನಕ್ಕೆ ಅಂದಿಲ್ಲ! ಆದರೆ ನಿನ್ನೆ ಅದು ನೇರವಾಗಿ ಒಳಗಿಳಿದು ಕೂತುಬಿಟ್ಟಿತ್ತು. “ಗಾಜಲ್ಲಿ ಗೀರಿದೆಯಮ್ಮ, ಬಿಸಿಲು ಬಿದ್ದರೆ ಏನೂ ಕಾಣಲ್ಲ,” ಎಂದು ನರ್ಸಮ್ಮನಿಗೆ ಹೇಳಿದ್ದರು. ಹೇಳುವಾಗ ಬಿಸಿಲಿರಲಿಲ್ಲ. ಇಡೀ ರಾತ್ರಿ ಆ ಗೀರನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮಲಗಿದ್ದರು. ಗೀರಾದರೆ ಉಜ್ಜಿದರೆ ಹೋಗುತ್ತದೆ.

“ಒಂದು ಕೆಲಸ ಮಾಡಿ,” ಎಂದು ಬಿರುಗಾಳಿ ಕಿಟಕಿಯಿಂದ ಮಾರ್ಕರ್ ಪೆನ್ನು ಚಾಚಿದಳು. “ನಾವು ಯಾವಾಗ್ಲೂ ಮಾಡೋದೇ ಇದು. ಗೀರಿರೋ ಕಡೆ ಒಳಗಿಂದ ಸುತ್ತು ಹಾಕಿ. ನಾನು ಹೊರಗಿಂದ ಅಷ್ಟನ್ನೇ ಉಜ್ತೀನಿ.”

ಮೇಷ್ಟ್ರು ಪೆನ್ನು ತಗೊಂಡರು. ಕಣ್ಣೆದುರಿಗೆ, ತುಸು ಮೇಲಕ್ಕೆ, ಬೂದು ಬಣ್ಣದ ಮಸುಕು ಗೀರು ಕಾಣುತ್ತಿತ್ತು. ಅದರ ಸುತ್ತ ಬಿಳಿ ಸೊನ್ನೆ ಎಳೆದರು. ಎಳೆದು ಮುಗಿಸಿ ನೋಡಿದರೆ ಸೊನ್ನೆಯ ಒಳಗೆ ಏನೂ ಇಲ್ಲ. ಎದುರಿನ ಟೈರ್ ಅಂಗಡಿಯ ಬೋರ್ಡು ಸ್ಪಷ್ಟವಾಗಿ ಕಾಣುತ್ತಿದೆ. ಗೀರು ಸೊನ್ನೆಯ ಹೊರಗೆ, ಪಕ್ಕದಲ್ಲಿ ನಿಂತಿದೆ. ಕೈ ತಪ್ಪಿರಬೇಕು. ಅಲ್ಲಿಗೂ ಒಂದು ಸೊನ್ನೆ ಹಾಕಿದರು. ಅದು ಇನ್ನೂ ಆಚೆ ಸರಿಯಿತು. ಮೇಲೊಂದು, ಕೆಳಗೊಂದು. ನೊಣ ಹೊಡೆಯಲು ಹೋದವರ ಹಾಗೆ ಅವರು ಗಾಜಿನ ತುಂಬ ಅದನ್ನು ಅಟ್ಟಿಸಿಕೊಂಡು ಹೋದರು.

ಹೊರಗೆ ನಿಂತಿದ್ದ ಬಿರುಗಾಳಿ ಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

“ಸಾಕು ಮೇಷ್ಟ್ರೇ.”

“ಉಜ್ಜು. ಎಲ್ಲಿ ಹಾಕಿದೀನೋ ಅಲ್ಲೆಲ್ಲ ಉಜ್ಜು.”

“ಇಲ್ಲದೇ ಇರೋದನ್ನ ಉಜ್ಜೋಕೆ ಆಗಲ್ಲ. ಇನ್ನೂ ಉಜ್ಜಿದ್ರೆ ಗಾಜು ಅಲ್ಲಲ್ಲಿ ಹಳ್ಳ ಬೀಳುತ್ತೆ, ಆಗ ರಸ್ತೇನೇ ಸೊಟ್ಟಗೆ ಕಾಣುತ್ತೆ.” ಅವಳು ದನಿ ತಗ್ಗಿಸಿದಳು. “ಗಾಜಲ್ಲಿ ಏನೂ ಇಲ್ಲ ಮೇಷ್ಟ್ರೇ.”

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಪ್ಪ ನೆನಪಾದ. ಅಪ್ಪನಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಶುರುವಾಗಿದ್ದು. ಮೊದಮೊದಲು ಕನ್ನಡಕ ಕೊಳೆಯಾಗಿದೆ ಎಂದು ದಿನವಿಡೀ ಪಂಚೆಯ ತುದಿಯಿಂದ ಒರೆಸುತ್ತ ಕೂರುತ್ತಿದ್ದ, ಒರೆಸಿಕೊಡಲಿಲ್ಲ ಎಂದು ಅಮ್ಮನ ಮೇಲೆ ರೇಗುತ್ತಿದ್ದ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಕಣ್ಣಿನ ನರ ಒಣಗಿಹೋಗಿತ್ತು. ಆಮೇಲಿನ ಅಪ್ಪ ನೀರು ಬಗ್ಗಿಸಿಕೊಳ್ಳುವಾಗ ಲೋಟದೊಳಗೆ ಬೆರಳು ಇಳಿಬಿಟ್ಟು ಅಳತೆ ನೋಡುತ್ತಿದ್ದ. ಯಾರ ಹೆಜ್ಜೆ ಸಪ್ಪಳವಾದರೂ “ಯಾರದು?” ಎನ್ನುತ್ತಿದ್ದ. ಹೊತ್ತು ಗೊತ್ತಿಲ್ಲದೆ ಅದೊಂದೇ ಮಾತು. ಆಗ ಹರೆಯದಲ್ಲಿದ್ದ ಮೇಷ್ಟ್ರು ಒಮ್ಮೊಮ್ಮೆ ಉತ್ತರ ಕೊಡದೆ ಕಳ್ಳಹೆಜ್ಜೆಯಲ್ಲಿ ದಾಟಿಹೋಗುತ್ತಿದ್ದುದೂ ಉಂಟು.

“ಬಟ್ಟೆ ಕೊಡು,” ಎಂದರು.

ಬಿರುಗಾಳಿ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಕೊಟ್ಟಳು. ಮೇಷ್ಟ್ರು ತಾವು ಬರೆದ ಸೊನ್ನೆಗಳನ್ನು ತಾವೇ ಒರೆಸಿದರು. ಮೂಲೆಯಿಂದ ಹಿಡಿದು, ಅವಸರವಿಲ್ಲದೆ, ಒಂದನ್ನೂ ಬಿಡದಂತೆ. ಕೆಲಸ ಮುಗಿಸಿ ಬಟ್ಟೆ ಮಡಚಿ ವಾಪಸು ಕೊಟ್ಟರು.

“ಹೋಯ್ತು. ಎಲ್ಲ ಹೋಯ್ತು.”

ಬಿರುಗಾಳಿ ತೆರೆದ ಬಾಗಿಲಿನಿಂದ ಒಳಗೆ ಬಗ್ಗಿ, ಅವರ ಮುಖದ ಮುಂದೆಯೇ ಕೈ ಚಾಚಿ, ಗಾಜಿನ ನಡುಮಧ್ಯದಲ್ಲಿ ಬಟ್ಟೆಯನ್ನು ದುಂಡಗೆ ಎರಡು ಸಲ ತಿರುವಿದಳು. ಬಟ್ಟೆಯ ತುದಿ ಬೆಳ್ಳಗಾಯಿತು.

“ಅಲ್ಲೊಂದು ಇತ್ತಾ?” ಎಂದರು ಮೇಷ್ಟ್ರು.

“ಹ್ಞೂಂ.”

ಮೇಷ್ಟ್ರಿಗೆ ಒಂದು ಕಣ್ಣು ಮುಚ್ಚಿ ನೋಡುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ. ಈಗ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು. ಬಿರುಗಾಳಿಯ ಗಲ್ಲ ಇತ್ತು, ಅದಕ್ಕೆ ಜೋತುಬಿದ್ದ ಬಟ್ಟೆ ಇತ್ತು. ಅದರ ಮೇಲಿರಬೇಕಾದ ಮುಖವಿರಲಿಲ್ಲ. ಸರಕ್ಕನೆ ಕೈ ತೆಗೆದರು. ಮುಖ ವಾಪಸು ಬಂತು, ಪೂರ್ತಿ ಅಲ್ಲ.

“ಮನೇಲಿ ಗೊತ್ತಾ?” ಎಂದಳು ಅವಳು.

“ಏನು ಅಂತ ಹೇಳ್ಲಿ?” ಎಂದರು. “ನಂಗೆ ಹೆದರಿಕೆ ಆಗ್ತಿದೆ ಕಣೆ. ನಿನ್ನೆ ಒಂದು ಮಗು ಇತ್ತು.”

ಅವಳು ಮೆಷಿನ್ನಿನ ವೈರು ಕಿತ್ತು ಸುತ್ತಿಟ್ಟಳು, ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದಳು. “ಕಣ್ಣಾಸ್ಪತ್ರೆ ಐದರ ತನಕ ಇರುತ್ತೆ,” ಎಂದಳು. “ಬೇಗ ಹೋದ್ರೆ ಉಳಿದಿದ್ದನ್ನಾದ್ರೂ ಉಳಿಸ್ತಾರಂತೆ. ನನ್ನ ಅತ್ತೆಗೆ ಉಳಿಸಿದ್ರು. ನರ್ಸಮ್ಮಂಗೆ ಫೋನ್ ಮಾಡಿ, ಇವತ್ತು ಪಾಠ ಇಲ್ಲ ಅನ್ನಿ.”

“ಇವತ್ತು ಇಲ್ಲ ಅಂತೀನಿ,” ಎಂದರು ಮೇಷ್ಟ್ರು. ನಾಳೆಯ ಮಾತು ಬಾಯಿಗೆ ಬರಲಿಲ್ಲ.

ಅವರು ಡ್ರೈವರ್ ಸೀಟಿನಿಂದ ಇಳಿದು, ಬಾನೆಟ್ಟಿನ ಮೇಲೆ ಕೈಯೂರಿಕೊಂಡು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಜೀವಮಾನವಿಡೀ ಕೂತ ಜಾಗ. ಪಾದ ತಾನಾಗಿ ಎರಡನೇ ಬ್ರೇಕನ್ನು ಹುಡುಕಿಕೊಂಡಿತು. ಬಿರುಗಾಳಿ ಹುಬ್ಬಿನ ಪುಡಿ ಒರೆಸಿಕೊಂಡು ಕಾರು ಹೊರಡಿಸಿದಳು. ಕಾಂಪೌಂಡಿಗೆ ಕಾರು ನುಗ್ಗಿಸಿದವಳು ಇವಳೇನಾ ಅನ್ನುವಷ್ಟು ನಿಧಾನವಾಗಿ ಓಡಿಸಿದಳು. ಉಜ್ಜಿದ ಗಾಜಿನಲ್ಲಿ ಮಧ್ಯಾಹ್ನದ ರಸ್ತೆ ಥಳಥಳಿಸುತ್ತಿತ್ತು. ಅಷ್ಟು ಸ್ವಚ್ಛವಾದ ಗಾಜಿನ ಹಿಂದೆ ಕೂತು ಮೇಷ್ಟ್ರು ಹೆದರಿದ್ದರು. ಪ್ರತಿ ಸೈಕಲ್ಲು, ಪ್ರತಿ ಮನುಷ್ಯ ಆ ಬೂದು ಮಸುಕಿನಿಂದ ಕಳಚಿಕೊಂಡು ಹೊರಬೀಳುವಾಗ ಅವರು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಆಸ್ಪತ್ರೆಯ ಹಿಂದಿನ ತಿರುವು ಬಂತು. ಬಿರುಗಾಳಿ ಕಾರು ನಿಲ್ಲಿಸಿದಳು. ಹಳೆಯ ರೂಢಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕಾದಳು. ಮೇಷ್ಟ್ರು ಆ ಕಡೆ ನೋಡಿದರು, ಈ ಕಡೆ ನೋಡಿದರು. ರಸ್ತೆ ಬೋಳಾಗಿ ಕಂಡಿತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹಿಂದಿನ ಗಾಡಿಯವನು ಹಾರ್ನ್ ಒತ್ತತೊಡಗಿದ.

“ನೀನೇ ನೋಡಮ್ಮ,” ಎಂದರು ಮೇಷ್ಟ್ರು.

ಅವರು ಕಲಿಸಿದ ಹಾಗೆಯೇ ಅವಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಇನ್ನೊಮ್ಮೆ ಆ ಕಡೆ ನೋಡಿದಳು. ಆಮೇಲೆ ಕಾರು ಮೆಲ್ಲಗೆ ಮುಂದಕ್ಕೆ ಸರಿಯಿತು. ಮೇಷ್ಟ್ರ ಪಾದ ಬ್ರೇಕಿನ ಮೇಲೆ ಹಾಗೇ ಇತ್ತು, ಒತ್ತಲಿಲ್ಲ.