ಬೆಲ್ಲ ಉಂಟು, ನೀರಿಲ್ಲ

ಅಲೆವೂರಿನಿಂದ ಮೇಲೆ, ಕಲ್ಲುಗುಡ್ಡೆಯಲ್ಲಿ ಒಂದು ಶಾಲೆ. ಊರಿನವರೇ ಮುರಕಲ್ಲು ಹೊತ್ತು ಕಟ್ಟಿದ್ದು, ಐದನೇ ಕ್ಲಾಸಿನವರೆಗೆ. ಅಲ್ಲಿ ಮೂರು ಗೋಡೆ ಗಡಿಯಾರಗಳಿದ್ದವು. ಮೂರರ ಮೇಲೂ ಕೊಟ್ಟವರ ಹೆಸರು. ಮೂರೂ ನಿಂತುಹೋಗಿದ್ದವು. ಎರಡು ಸೀಲಿಂಗ್ ಫ್ಯಾನ್ ಇದ್ದವು. ರೆಕ್ಕೆಗಳ ಮೇಲೆ ಕೆಂಪು ಪೇಂಟಿನಲ್ಲಿ ದಾನಿಗಳ ಹೆಸರು. ಆದರೆ ಶಾಲೆಗೆ ಕರೆಂಟೇ ಬಂದಿರಲಿಲ್ಲ. ಒಂದು ಫ್ಯಾನಿನ ಮೇಲೆ ಗುಬ್ಬಿ ಸಂಸಾರ ಹೂಡಿತ್ತು.

ನೀರು ಮಾತ್ರ ಇರಲಿಲ್ಲ.

ಗುಡ್ಡೆಯ ತುದಿಯಲ್ಲಿ ನಿಂತರೆ ಮಣಿಪಾಲದ ಕಟ್ಟಡಗಳು ಬೆಳ್ಳಗೆ ಕಾಣುತ್ತಿದ್ದವು. ಎಲ್ಲೆಲ್ಲಿಂದಲೋ ಬಂದವರು ಅಲ್ಲಿ ಡಾಕ್ಟರರಾಗುತ್ತಿದ್ದರು. ಫೌಸ್ಟಿನ್ ಅದನ್ನು ನೋಡಿದಾಗಲೆಲ್ಲ ಪಿಕ್ಕಾಸನ್ನು ಇನ್ನಷ್ಟು ಜೋರಾಗಿ ಕಲ್ಲಿಗೆ ಹಾಕುತ್ತಿದ್ದ. ಅವನು ಕೋರೆಯಲ್ಲಿ ಕಲ್ಲು ಕಡಿಯುವವ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ. ದಡ್ಡನೆಂದು ಬಿಟ್ಟದ್ದಲ್ಲ. ಅಮ್ಮನ ಸೊಂಟ ಹಿಡಿದುಕೊಂಡಾಗ ಗದ್ದೆ ಬದಿಯ ಬಾವಿಯಿಂದ ನೀರು ತರಲು ಬೇರೆ ಯಾರೂ ಇರಲಿಲ್ಲ. ಈಗ ಅದೇ ಕೊಡಪಾನ ಅವನ ತಂಗಿ ಝೀಟಾಳ ಸೊಂಟ ಏರಿತ್ತು.

ಸಾವಿರದ ಒಂಬೈನೂರ ಎಂಬತ್ತೊಂದರ ಡಿಸೆಂಬರ್. ಶಾಲೆಯ ಕುಶಲಾ ಟೀಚರ್ ಇಲಾಖೆಯಿಂದ ಬಂದ ಒಂದು ಕಾಗದ ಹಿಡಿದು ಕೋರೆಗೇ ಬಂದರು.

"ಫೌಸ್ಟಿನ್, ಹೆಸರು ಇರುವುದು ಮೂವತ್ತೆಂಟು ಮಕ್ಕಳದ್ದು. ಬರುವುದು ಹದಿನೈದು. ಪರೀಕ್ಷೆಯೊಳಗೆ ಹಾಜರಿ ಏರದಿದ್ದರೆ ಜೂನಿನಲ್ಲಿ ಶಾಲೆ ಮುಚ್ಚುತ್ತಾರಂತೆ. ಝೀಟಾ ಈ ವಾರ ಒಂದು ದಿನ ಬಂದದ್ದು."

"ಅವಳು ಎಲ್ಲಿ ಇರುತ್ತಾಳೆ ಅಂತ ನಿಮಗೂ ಗೊತ್ತುಂಟಲ್ಲ ಟೀಚರ್."

"ಗೊತ್ತುಂಟು. ಹುಡುಗಿಯರೆಲ್ಲ ಅಲ್ಲೇ. ಈಗಲೇ ಹೀಗೆ, ಇನ್ನು ಮಾರ್ಚಿನಲ್ಲಿ ಕೇಳುವುದೇ ಬೇಡ. ಶಾಲೆ ಹೋದರೆ ಅವಳಿಗೆ ಹತ್ತಿರದಲ್ಲಿ ಇನ್ನೊಂದು ಶಾಲೆ ಎಲ್ಲಿ?"

ಫೌಸ್ಟಿನ್ ಪಿಕ್ಕಾಸು ಎಸೆದು, ಮೈಯ ಕೆಂಪು ಧೂಳನ್ನೂ ಒರೆಸದೆ ಶಾಲಾ ಸಮಿತಿಯ ಅಧ್ಯಕ್ಷ ಮುದ್ದಣ್ಣನ ಅಂಗಡಿಗೆ ನಡೆದ. ಮುದ್ದಣ್ಣ ಖುಷಿಯಲ್ಲಿದ್ದ.

"ಬಾ ಮಾರಾಯ, ನಿನಗೇ ಹೇಳಿಕಳಿಸುವವನಿದ್ದೆ. ಬಹರೈನಿನಲ್ಲಿ ದುಡ್ಡು ಮಾಡಿದ ಅಲೋಶಿಯಸ್ ಪೊರ್ಬುಗಳು ಶಾಲೆಗೆ ದ್ವಾರ ಕಟ್ಟಿಸುತ್ತಾರಂತೆ. ಅವರ ಅಪ್ಪ ರೊಸಾರಿಯೊ ಇದೇ ಊರಿನವರಲ್ವಾ, ಅವರ ಹೆಸರಿನಲ್ಲಿ. ಕಲ್ಲು ನಿನ್ನದೇ."

"ದ್ವಾರ ಎಂತಕ್ಕೆ? ಒಳಗೆ ಹೋಗಲಿಕ್ಕೆ ಮಕ್ಕಳೇ ಇಲ್ಲ. ಬಾವಿ ಕೇಳಿ."

"ಕೊಡುವವರಿಗೆ ಇದು ಕೊಡಿ, ಅದು ಕೊಡಿ ಅಂತ ಹೇಳುವುದುಂಟಾ? ಅವರು ಕೈ ಹಿಂದೆ ತೆಗೆದರೆ?"

"ತೆಗೆದರೆ ಎಂತ ಹೋಗ್ತದೆ? ನಾಲ್ಕನೇ ಗಡಿಯಾರವಾ?"

"ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ ನನಗೆ ಕಲಿಸುವುದಾ?"

"ಯಾಕೆ ಬಿಡುತ್ತಾರೆ ಅಂತ ಬಿಟ್ಟವನಿಗೇ ಗೊತ್ತು, ಮುದ್ದಣ್ಣ. ನನ್ನ ಕಲ್ಲು ದ್ವಾರಕ್ಕೆ ಇಲ್ಲ."

ಊರಲ್ಲಿ ಒಂದು ಪದ್ಧತಿ ಉಂಟು. ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ದಾನಿಗಳು ಬರುವ ದಿನ ಹುಡುಗಿಯರು ಬೆಳಿಗ್ಗೆಯೇ ಏಳೆಂಟು ಸಲ ಗುಡ್ಡೆ ಹತ್ತಿ ಇಳಿದು ಶಾಲೆಯ ಹಂಡೆ ತುಂಬಿಸುತ್ತಿದ್ದರು. ದಾನಿಗಳು ತಣ್ಣನೆಯ ನೀರು ಕುಡಿದು, ಹಾರ ಹಾಕಿಸಿಕೊಂಡು ಹೋಗುತ್ತಿದ್ದರು. ಹೀಗಾಗಿ ಗುಡ್ಡೆಗೆ ನೀರಿಲ್ಲ ಎಂಬುದು ಒಬ್ಬ ದಾನಿಗೂ ತಿಳಿದಿರಲಿಲ್ಲ. ಊರಿನವರೇ ತಮ್ಮ ಬಾಯಾರಿಕೆಯನ್ನು ಮುಚ್ಚಿಟ್ಟಿದ್ದರು.

ಜನವರಿಯಲ್ಲಿ ದ್ವಾರಕ್ಕೆ ಕಲ್ಲು ಹಾಕುವ ದಿನ ಬಂತು. ಫೌಸ್ಟಿನ್ ಕಲ್ಲು ಕೊಡದೆ ಇದ್ದುದರಿಂದ ಮುದ್ದಣ್ಣ ಬೇರೆ ಕೋರೆಯಿಂದ ಒಂದು ಕಲ್ಲು ತರಿಸಿ ಅರಿಶಿನ ಹಚ್ಚಿಸಿದ್ದ. ಫೌಸ್ಟಿನ್ ಬೆಳಿಗ್ಗೆಯೇ ಹುಡುಗಿಯರಿಗೆ ಹೇಳಿದ್ದ: "ಇವತ್ತು ಹಂಡೆ ತುಂಬಿಸಬೇಡಿ. ದಿನಾ ಹೋಗುವ ಹೊತ್ತಿಗೇ ನೀರಿಗೆ ಹೋಗಿ."

ಹತ್ತು ಗಂಟೆಗೆ ಅಲೋಶಿಯಸ್ ಬಂದರು. ಜೊತೆಗೆ ಅವರ ವಯಸ್ಸಾದ ತಾಯಿ ಬರ್ತಾ ಬಾಯಿ. ಗುಡ್ಡೆ ಹತ್ತಿ ಇಬ್ಬರಿಗೂ ಏದುಸಿರು.

"ನೀರು ಬೆಲ್ಲ ತನ್ನಿ!" ಮುದ್ದಣ್ಣ ಕೂಗಿದ.

ಫೌಸ್ಟಿನ್ ತಟ್ಟೆ ಹಿಡಿದು ಎದುರಿಗೆ ನಿಂತ. ತಟ್ಟೆಯಲ್ಲಿ ಬೆಲ್ಲ. ಪಕ್ಕದಲ್ಲಿ ಖಾಲಿ ಲೋಟ.

"ಬೆಲ್ಲ ಉಂಟು. ನೀರಿಲ್ಲ."

ಮುದ್ದಣ್ಣನ ಮುಖದ ಬಣ್ಣವೇ ಹೋಯಿತು. ಅಲೋಶಿಯಸ್ ಹುಬ್ಬು ಗಂಟಿಕ್ಕಿದರು. "ನನ್ನ ಅಪ್ಪನ ಹೆಸರಿಗೆ ಅವಮಾನ ಮಾಡಲಿಕ್ಕೆ ಕರೆದದ್ದಾ?"

"ಅವಮಾನ ಆದದ್ದು ನಮಗೆ. ಹುಡುಗಿಯರು ನೀರಿಗೆ ಹೋಗಿದ್ದಾರೆ. ಅವರು ಬರುವವರೆಗೆ ಕೂತುಕೊಳ್ಳಿ."

ಅವರು ಕೂತರು. ಬೇರೆ ದಾರಿ ಇರಲಿಲ್ಲ, ಗಂಟಲು ಒಣಗಿತ್ತು. ಕುಶಲಾ ಟೀಚರ್ ಏನೂ ಆಗದವರ ಹಾಗೆ ಹಾಜರಿ ಪುಸ್ತಕ ಬಿಡಿಸಿದರು.

"ವಿನೋದಾ?" ಉತ್ತರ ಇಲ್ಲ.

"ಪ್ರೆಸಿಲ್ಲಾ?" ಉತ್ತರ ಇಲ್ಲ.

"ಝೀಟಾ?"

ಇಪ್ಪತ್ತಮೂರು ಹೆಸರುಗಳಿಗೆ ಉತ್ತರ ಬರಲಿಲ್ಲ. ಅಲೋಶಿಯಸ್ ಗೋಡೆಯ ಗಡಿಯಾರ ನೋಡಿದರು. ಅದು ನಿಂತಿತ್ತು. ಪಕ್ಕದ್ದೂ ನಿಂತಿತ್ತು. ಕೊನೆಗೆ ತಮ್ಮ ಕೈಗಡಿಯಾರ ನೋಡಿದರು. ಮುಕ್ಕಾಲು ಗಂಟೆ ಕಳೆದಿತ್ತು.

ಝೀಟಾ ಬಂದಳು. ಕೊಡಪಾನ ಇಳಿಸಿ ಲೋಟ ತುಂಬಿಸಿ ಬರ್ತಾ ಬಾಯಿಗೆ ಚಾಚಿದಳು. ಮುದುಕಿ ಕುಡಿಯಲಿಲ್ಲ.

"ಯಾವ ಬಾವಿಯದ್ದು ಮಗಾ?"

"ಗದ್ದೆ ಬದಿಯದ್ದು ಬಾಯಿ."

"ಇನ್ನೂ ಅದೇನಾ?" ಅವರು ಮಗನ ಕಡೆ ತಿರುಗಿದರು. "ಅಲೋಶಿ, ನೀನು ಹೊಟ್ಟೆಯಲ್ಲಿರುವಾಗ ನಾನು ಹೊತ್ತದ್ದು ಅದೇ ನೀರು. ನಿನ್ನ ಅಪ್ಪ ಆಯುಷ್ಯವಿಡೀ ತಲೆ ಬಗ್ಗಿಸಿ ಗುಡಿಸಲೊಳಗೆ ಹೋದವ. ಅವನಿಗೆ ದ್ವಾರ ಎಂತಕ್ಕೆ?"

ಅಲೋಶಿಯಸ್ ಎದ್ದು ಝೀಟಾಳ ಕೊಡಪಾನ ಎತ್ತಿ ಭಾರ ನೋಡಿದರು. ಆಮೇಲೆ ಮುದ್ದಣ್ಣನನ್ನು ಕೇಳಿದರು. "ನೀವು ಇಷ್ಟು ಕಾಗದ ಬರೆದಿರಿ. ನೀರಿನ ವಿಷಯ ಒಂದು ಸಾಲು ಬರೆಯಲಿಲ್ಲ ಯಾಕೆ?"

"ಕೊಡುವವರ ಹತ್ತಿರ ಕೇಳುವುದು ಹೇಗೆ ಅಂತ..." ಮುದ್ದಣ್ಣ ದಾನಿಗೆ ಹೊದಿಸಲು ತಂದ ಶಾಲನ್ನು ತಿರುಚಿದ.

"ಕೇಳದಿದ್ದರೆ ನನಗೆ ಕನಸು ಬೀಳ್ತದಾ?" ಅವರು ಫೌಸ್ಟಿನನತ್ತ ನೋಡಿದರು. "ಈ ಗುಡ್ಡೆ ಬರೀ ಕಲ್ಲು. ಇಲ್ಲಿ ನೀರು ಸಿಗ್ತದಾ?"

"ಕಲ್ಲು ಒಡೆಯುವುದೇ ನನ್ನ ಕೆಲಸ. ಸುಡುಬಿಸಿಲಿನಲ್ಲೂ ಕಲ್ಲು ಒದ್ದೆ ಇರುವ ಜಾಗ ನನಗೆ ಗೊತ್ತುಂಟು. ಆದರೆ ಒಂದು ಮಾತು. ಶಾಲೆಯ ಬಾವಿಗೆ ಬೀಗ ಹಾಕಬಾರದು. ಗುಡ್ಡೆಯ ಎಲ್ಲರಿಗೂ ನೀರು."

"ಎಲ್ಲರಿಗೂ ಅಂದರೆ?" ಮುದ್ದಣ್ಣ ಸಣ್ಣ ದನಿಯಲ್ಲಿ ಕೇಳಿದ.

"ಎಲ್ಲರಿಗೂ ಅಂದರೆ ಎಲ್ಲರಿಗೂ."

ದ್ವಾರದ ಬದಲು ಬಾವಿಯ ಕೆಲಸ ಶುರುವಾಯಿತು. ಹಗ್ಗ, ರಾಟೆ, ಸಿಮೆಂಟು, ತೋಡುವವರ ಸಂಬಳ ಅಲೋಶಿಯಸ್ ಅವರದ್ದು. ಮಣ್ಣು ಹೊತ್ತದ್ದು ಊರು. ಹತ್ತು ಕೋಲು, ಸುಮಾರು ಇಪ್ಪತ್ತೈದು ಅಡಿ, ಇಳಿದರೂ ಧೂಳು. "ಇನ್ನು ಪಾತಾಳಕ್ಕೆ ಬಸ್ಸು ಬಿಡುವುದು" ಎಂದು ನಗಾಡಿದವರೂ ಇದ್ದರು. ಫೌಸ್ಟಿನ್ ಕಿವಿಗೊಡಲಿಲ್ಲ. ಮಾರ್ಚಿನ ಮೊದಲ ವಾರ, ಹದಿನಾಲ್ಕನೇ ಕೋಲಿನಲ್ಲಿ ಪಿಕ್ಕಾಸಿನ ಪೆಟ್ಟಿಗೆ ಬೇರೆಯೇ ಸದ್ದು ಬಂತು. ಕಾಲಡಿ ತಣ್ಣಗಾಯಿತು.

ಪರೀಕ್ಷೆಗೆ ಮೂವತ್ತನಾಲ್ಕು ಮಕ್ಕಳು ಕೂತರು. ಶಾಲೆ ಮುಚ್ಚಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ನೀರಿಗೆ ಬಂದ ಹೆಂಗಸರು ಶಾಲೆಯ ಜಗಲಿಯಲ್ಲಿ ಕೂತು ಟೀಚರ ಹತ್ತಿರ ಹೆಸರು ಬರೆಯಲು ಕಲಿತರು. ಉಳಿದ ನೀರಿಗೆ ಮನೆ ಮನೆಯಲ್ಲಿ ಮಲ್ಲಿಗೆ ಗಿಡ ಬಂತು, ಬೆಳಿಗ್ಗೆ ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗಿನ ಅಟ್ಟೆಗಳು ಉಡುಪಿಯ ಬಸ್ಸು ಹತ್ತಿದವು. ನೀರಿಲ್ಲವೆಂದು ಗುಡ್ಡೆ ಬಿಟ್ಟಿದ್ದ ಎರಡು ಮನೆಯವರು ತಿರುಗಿ ಬಂದು ಹಂಚು ಹೊದೆಸಿದರು. ಮರುವರ್ಷ ಫ್ಯಾನ್ ಕೊಡಲು ಬಂದ ಒಬ್ಬರಿಗೆ ಮುದ್ದಣ್ಣ ಎದೆ ಸೆಟೆಸಿ ಹೇಳಿದ: "ಫ್ಯಾನ್ ಉಂಟು. ಕರೆಂಟು ಕೊಡಿಸಿ." ಅವರು ಕೊಡಿಸಿದರು! ಗುಬ್ಬಿಯ ಮರಿಗಳು ಹಾರುವವರೆಗೆ ಒಂದು ಫ್ಯಾನ್ ಮಾತ್ರ ತಿರುಗಿತು, ಅಷ್ಟೇ.

ರೊಸಾರಿಯೊ ಅವರ ಹೆಸರು ಎಲ್ಲಿ? ಕೊಡಪಾನ ಇಡುವ ಕಟ್ಟೆಯ ಮೇಲೆ. ಸಿಮೆಂಟು ಹಸಿ ಇರುವಾಗ ಫೌಸ್ಟಿನ್ ಮೊಳೆಯಿಂದ ಬರೆದದ್ದು. ಅಕ್ಷರ ಸ್ವಲ್ಪ ಸೊಟ್ಟ. ಝೀಟಾ ಈಗ ಕೆಳಗೆ ಅಲೆವೂರಿನ ಶಾಲೆಯಲ್ಲಿ ಏಳನೇ ಕ್ಲಾಸು. "ಎಂತ ಅಕ್ಷರ ಅಣ್ಣಾ ಇದು!" ಎಂದು ದಿನಾ ನಗಾಡುತ್ತಾಳೆ. ನಗಾಡಲಿ.

ಓದುವವರೇ, ನಿಮ್ಮ ಊರಿನ ಶಾಲೆಗೆ ಇವತ್ತೇ ಹೋಗಿ. ನಿಂತ ಗಡಿಯಾರ ಎಷ್ಟು, ಬಾರದ ಮಕ್ಕಳು ಎಷ್ಟು, ನೋಡಿ. ಕೊಡುವವರು ನೀವಾದರೆ, ಕೊಡುವ ಮೊದಲು ಟೀಚರನ್ನು ಕೇಳಿ. ಸಮಿತಿಯವರಾದರೆ, ಕೊರತೆಯನ್ನು ಹಾರದ ಹಿಂದೆ ಅಡಗಿಸಬೇಡಿ. ಕೈಯಲ್ಲಿ ಏನೂ ಇಲ್ಲದವರೇ, ನಿಮ್ಮ ಬೆವರೂ ದಾನವೇ, ತಲೆ ಎತ್ತಿ ಕೊಡಿ. ನಮ್ಮ ಮಕ್ಕಳಿಗಾಗಿ ಬಾಯಿ ಬಿಟ್ಟು ಕೇಳುವುದು ಭಿಕ್ಷೆಯಲ್ಲ. ಅತಿಥಿ ಬಂದಾಗ ಲೋಟ ಖಾಲಿ ಇದ್ದರೆ ಖಾಲಿ ಲೋಟವನ್ನೇ ತೋರಿಸಿ!