ಎರಕದ ಪುಲ್ಲಿ

ಸುತ್ತಿಗೆಯ ಮೊದಲ ಏಟಿಗೆ ಪುಲ್ಲಿ ಗಂಟೆಯ ಹಾಗೆ ನುಡಿಯಿತು. ಚಿಕ್ಕವನಿಗೆ ನಂಬಿಕೆ ಬರಲಿಲ್ಲ. ಶೆಡ್ಡಿನ ತೊಲೆಯಿಂದ ಇಳಿಬಿಟ್ಟ ಸರಪಳಿಗೆ ಅದನ್ನು ತೂಗುಹಾಕಿದ್ದ. ಒಂದು ಸುತ್ತು ತಿರುಗಿಸಿ ಇನ್ನೊಂದು ಕಡೆ ಬಡಿದ. ಅಲ್ಲೂ ನುಡಿಯಿತು. ಎರಕದ ಕಬ್ಬಿಣದಲ್ಲಿ ಬಿರುಕಿದ್ದರೆ ದನಿ ಒಡೆದ ಮಡಕೆಯದಾಗುತ್ತದೆ ಎಂದು ಅವನಿಗೆ ಅಪ್ಪ ಕಲಿಸಿದ್ದ. ಅಪ್ಪ ಅದನ್ನು ಅಣ್ಣನಿಗೂ ಕಲಿಸಿದ್ದ. ತಲೆನೋವು ಇದ್ದದ್ದೇ ಅಲ್ಲಿ. ಬಿರುಕು ಹುಡುಕಲು ಬಲ್ಲವನಿಗೆ ಅದನ್ನು ಮುಚ್ಚಿಡಲೂ ಬರುತ್ತದೆ.

ಅಪ್ಪ ಬಿಟ್ಟುಹೋದದ್ದು ಒಂದೇ ಅಚ್ಚಿನ ಎರಡು ಸ್ಕ್ರೇಪರ್. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದರೆ ನೆಲ ಕೆರೆದು, ಮಣ್ಣನ್ನು ಹೊಟ್ಟೆಯಲ್ಲಿ ತುಂಬಿಕೊಂಡು, ಬೇಕಾದ ಕಡೆ ಹೋಗಿ ಕಕ್ಕುವ ಹಳೇ ಕಾಲದ ಯಂತ್ರಗಳು. ಈಗಿನವುಗಳಂತೆ ಎಣ್ಣೆಯ ಒತ್ತಡದಿಂದಲ್ಲ, ಉಕ್ಕಿನ ಹಗ್ಗದಿಂದ ಕೆಲಸ ಮಾಡುವಂಥವು. ಅಪ್ಪ ಒಂದನ್ನು ಓಡಿಸುತ್ತಿದ್ದ, ಇನ್ನೊಂದರಿಂದ ಬೇಕಾದ ಭಾಗ ಕಿತ್ತು ಇದಕ್ಕೆ ಹಾಕುತ್ತಿದ್ದ. ಪಾಲಾದಾಗ ಓಡುವುದು ದೊಡ್ಡವನಿಗೆ ಹೋಯಿತು, ಕಿತ್ತದ್ದು ಚಿಕ್ಕವನಿಗೆ ಬಂತು. ಅಣ್ಣತಮ್ಮಂದಿರ ಮಾತು ನಿಂತದ್ದು ಆವತ್ತೇ.

ಚಿಕ್ಕವನು ಹಠಕ್ಕೆ ಬಿದ್ದು ತನ್ನದನ್ನು ಜೀವಕ್ಕೆ ತಂದ. ಗುಜರಿ ಅಂಗಡಿಗಳನ್ನು ಅಲೆದ, ಬ್ಲೇಡು ಹೊಸದು ಮಾಡಿಸಿದ, ಹೆಂಡತಿ ಬೈದರೂ ಕಿವಿಗೆ ಹಾಕಿಕೊಳ್ಳದೆ ಭಾನುವಾರಗಳನ್ನೆಲ್ಲ ಅದರ ಅಡಿಯಲ್ಲಿ ಅಂಗಾತ ಮಲಗಿ ಕಳೆದ. ಸಿಗದೇ ಉಳಿದದ್ದು ಹಿಂಬದಿಯ ಪುಲ್ಲಿ ಒಂದೇ. ಮಣ್ಣನ್ನು ಹೊರಕ್ಕೆ ತಳ್ಳುವ ಹಲಗೆಯ ಹಗ್ಗ ಅದರ ಮೇಲೆ ಓಡಬೇಕು. ಲೇತ್‌ನವನು ಕಡೆದುಕೊಟ್ಟ ಪುಲ್ಲಿ ಹಗ್ಗವನ್ನೇ ತಿಂದುಹಾಕಿತು. ಹೀಗಾಗಿ ಚಿಕ್ಕವನ ಯಂತ್ರಕ್ಕೆ ತಿನ್ನುವುದು ಗೊತ್ತಿತ್ತು, ಕಕ್ಕುವುದು ಗೊತ್ತಿರಲಿಲ್ಲ.

ಹಳೇ ಯಂತ್ರಗಳ ಹುಚ್ಚಿರುವವರೆಲ್ಲ ವರ್ಷಕ್ಕೊಮ್ಮೆ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಸೇರಿ ತಮ್ಮ ತಮ್ಮದನ್ನು ಓಡಿಸುತ್ತಾರೆ. ಹೋದ ವರ್ಷ ಅಲ್ಲಿ ದೊಡ್ಡವನು, ತಮ್ಮ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ, "ನಮ್ಮೋನ ಹತ್ರ ಇರೋದು ಸ್ಕ್ರೇಪರ್ ಅಲ್ಲ, ಸ್ಕ್ರೇಪರ್‌ದು ಮೂಳೆ" ಎಂದಿದ್ದ. ಬಯಲೆಲ್ಲ ನಕ್ಕಿತ್ತು. ಟೈರ್ ಅಂಗಡಿಯವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ನಗು ಚಿಕ್ಕವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ವರ್ಷ ಅದೇ ಬಯಲಿನಲ್ಲಿ, ಅದೇ ಅಣ್ಣನ ಮುಂದೆ, ತನ್ನ ಯಂತ್ರ ಹೊಟ್ಟೆ ತುಂಬ ಮಣ್ಣು ತಂದು ಸುರಿಯಬೇಕು. ಅದೊಂದಾದರೆ ಸಾಕಿತ್ತು ಅವನಿಗೆ.

ಅಪ್ಪ ಕಿತ್ತಿಟ್ಟಿದ್ದ ಪುಲ್ಲಿ ಅಣ್ಣನ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಸುತ್ತಿಕೊಂಡು ಕೂತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೇಳಲು ಚಿಕ್ಕವನಿಗೆ ನಾಲಿಗೆ ಏಳುತ್ತಿರಲಿಲ್ಲ. ಕೊನೆಗೆ ಹೆಂಡತಿಯೇ ಹೋಗಿ ಓರಗಿತ್ತಿಯ ಕಿವಿಯಲ್ಲಿ ಹಾಕಿ ಬಂದಳು. ಮಾರನೆಯ ದಿನವೇ ಪುಲ್ಲಿ ಆಟೋದಲ್ಲಿ ಬಂತು. ತುಕ್ಕಿನ ಒಂದು ಚುಕ್ಕೆ ಇಲ್ಲ. ಕಪ್ಪು ಬಣ್ಣ ಹೊಡೆದಿತ್ತು, ಅಚ್ಚಿನ ತೂತಿಗೆ ಹೊಸ ಗ್ರೀಸು ತುಂಬಿತ್ತು. ಒಂದು ಮಾತಿಲ್ಲ, ಕೊಂಕಿಲ್ಲ. ಚಿಕ್ಕವನ ನಿದ್ದೆ ಕೆಡಿಸಿದ್ದು ಅದೇ. ಇಷ್ಟು ವರ್ಷ ಹಾವಿನ ಹಾಗೆ ಕಾದುಕೊಂಡಿದ್ದವನು ಈಗ ಯಾಕೆ ಕೊಟ್ಟ? ಕೊಟ್ಟದ್ದಕ್ಕೆ ಬಣ್ಣ ಯಾಕೆ ಬಳಿದ?

ಅದಕ್ಕೇ ಅವನು ಬಡಿದದ್ದು. ಮೂರನೆಯ ಏಟೂ ನುಡಿಯಿತು. ಪುಲ್ಲಿ ನುಡಿದಷ್ಟೂ ಇವನ ಅನುಮಾನ ಬಲಿಯಿತು. ಸಣ್ಣ ಸುತ್ತಿಗೆ ಬಿಸಾಡಿ, ಪಿನ್ನು ಬಡಿಯುವ ದೊಡ್ಡ ಸಮ್ಮಟಿಗೆ ತಂದ. ಎರಡೂ ಕೈಯಲ್ಲಿ ಹಿಡಿದು ಅಂಚಿಗೆ ಬೀಸಿದ. ಇಂಥ ಏಟು ತಿನ್ನಲೆಂದು ಯಾವ ಪುಲ್ಲಿಯನ್ನೂ ಯಾರೂ ಎರಕ ಹೊಯ್ದಿರುವುದಿಲ್ಲ. ಅರ್ಧ ಸರಪಳಿಯಲ್ಲೇ ಉಳಿಯಿತು, ಅರ್ಧ ಅವನ ಕಾಲಿನ ಪಕ್ಕ ಬಿತ್ತು. ಒಡೆದ ಜಾಗ ಸಕ್ಕರೆ ಹರಳಿನಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಹಳೇ ಬಿರುಕಾಗಿದ್ದರೆ ಒಳಗೆ ಕಪ್ಪಗೆ ತುಕ್ಕಿರಬೇಕಿತ್ತು. ಅಣ್ಣ ಕೊಟ್ಟದ್ದು ಗಟ್ಟಿ ಮಾಲು.

ಚಿಕ್ಕವನು ತಲೆಯ ಮೇಲೆ ಕೈಹೊತ್ತು ಟೈರಿನ ಮೇಲೆ ಕೂತ. ಅಳು ಬಂತು, ಪುಲ್ಲಿಗಾಗಿ ಬಂತೇ ಹೊರತು ಅಣ್ಣನಿಗಾಗಿ ಅಲ್ಲ. ಮತ್ತೆ ಬಯಲಿಗೆ ಮೂಳೆ ಎಳೆದುಕೊಂಡು ಹೋಗಬೇಕು. ಜೊತೆಗೆ, ಕೊಟ್ಟದ್ದನ್ನೂ ಉಳಿಸಿಕೊಳ್ಳಲಾಗದವನು ಎಂದು ಹೆಸರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಅಡುಗೆಮನೆಗೆ ಹೋಗಿ ಕಲ್ಲುಪ್ಪು ಎಲ್ಲಿದೆ ಎಂದು ಕೇಳಿದ. ಹೆಂಡತಿ ಯಾಕೆ ಎಂದಳು. ತುಕ್ಕು ತೆಗೆಯೋಕೆ ಎಂದ.

ಉಪ್ಪುನೀರಿಗೆ ನಿಂಬೆರಸ ಹಿಂಡಿ, ಒಡೆದ ಮುಖಗಳಿಗೆ ಬಳಿದು, ಒದ್ದೆ ಗೋಣಿಯಲ್ಲಿ ಸುತ್ತಿ ಬಿಸಿಲಿಗಿಟ್ಟ. ಒಣಗಿದ ಹಾಗೆಲ್ಲ ಮತ್ತೆ ಬಳಿದ. ಇಷ್ಟು ನಿಷ್ಠೆಯಿಂದ ಅವನು ಒಂದು ಬೇರಿಂಗಿಗೂ ಎಣ್ಣೆ ಹಾಕಿದವನಲ್ಲ. ಮರುದಿನಕ್ಕೆ ಬಿಳುಪು ಹೋಗಿ ಕೆಂಪು ತುಕ್ಕು ಹತ್ತಿತ್ತು.

ಎರಡೂ ತುಂಡುಗಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು, ದಾರಿಯಲ್ಲಿ ಲೇತ್‌ನವನನ್ನೂ ಟೈರ್ ಅಂಗಡಿಯವನನ್ನೂ ಸಾಕ್ಷಿಗೆ ಕರೆದುಕೊಂಡು, ಅಣ್ಣನ ಅಂಗಳಕ್ಕೆ ಹೋದ. ದೊಡ್ಡವನು ತನ್ನ ಸ್ಕ್ರೇಪರಿಗೆ ಗ್ರೀಸ್ ಹೊಡೆಯುತ್ತಿದ್ದ. ಕಣ್ಣಿನ ಆಪರೇಷನ್ ಕೈಕೊಟ್ಟ ಮೇಲೆ ಅವನು ಗ್ರೀಸ್ ಹೋಗುವ ನಿಪ್ಪಲ್ಲನ್ನು ಬೆರಳಲ್ಲೇ ತಡವಿ ಹುಡುಕುವುದು ರೂಢಿಯಾಗಿತ್ತು. ತಮ್ಮನ ದನಿ ಕೇಳಿ ಮುಖ ಅರಳಿತು. ಕೂಡಿಸಿಯಾಯ್ತಾ, ಹಗ್ಗ ಸರಿಯಾಗಿ ಕೂತಿತಾ ಎಂದು ಕೇಳುತ್ತ ಕೈ ಒರೆಸಿಕೊಂಡು ಬಂದ.

ಚಿಕ್ಕವನು ತುಂಡುಗಳನ್ನು ಅವನ ಕಾಲಬುಡದಲ್ಲಿ ಸುರಿದ. "ಒಡೆದ ಮಾಲಿಗೆ ಬಣ್ಣ ಬಳಿದು ಕಳಿಸಿದ್ದೀಯ. ಹಗ್ಗ ಬಿಗಿಯಾದಾಗ ಸಿಡಿದಿದ್ರೆ ನನ್ನ ತಲೆ ಇರ್ತಿರಲಿಲ್ಲ. ಅದಕ್ಕೇ ಕಾಯ್ತಿದ್ಯಾ?"

ದೊಡ್ಡವನು ಕುಕ್ಕರಗಾಲಲ್ಲಿ ಕೂತು ಒಂದು ತುಂಡನ್ನು ಮುಖದ ಹತ್ತಿರ ಹಿಡಿದ. ಹೆಬ್ಬೆರಳಿನಿಂದ ಒಡೆದ ಅಂಚನ್ನು ಉಜ್ಜಿದ. ಬೆರಳಿಗೆ ತುಕ್ಕಿನ ಪುಡಿ ಬಂತು.

"ಬಡಿದು ನೋಡಿಯೇ ಕಳಿಸಿದ್ದು ಕಣೋ," ಎಂದ. "ಚೆನ್ನಾಗೇ ಕೇಳಿಸ್ತು ನಂಗೆ."

ಟೈರ್ ಅಂಗಡಿಯವನಿಗೆ ಇಂಥ ಕಡೆ ಬಾಯಿ ಸುಮ್ಮನಿರುವುದಿಲ್ಲ. ಕಣ್ಣು ಹೋಗಿದ್ದು ಗೊತ್ತಿತ್ತು, ಕಿವಿನೂ ಹೋಯ್ತಲ್ಲ ದೊಡ್ಡೋರದ್ದು ಎಂದು ನಕ್ಕ. ಲೇತ್‌ನವನು ಇನ್ನೊಂದು ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದ. ವರ್ಷಗಟ್ಟಲೆಯ ತುಕ್ಕು ಯಾವ ಬಣ್ಣ, ನಿನ್ನೆಯ ತುಕ್ಕು ಯಾವ ಬಣ್ಣ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಿಕ್ಕವನ ಮುಖ ನೋಡಿದ. ಆಮೇಲೆ ತುಂಡನ್ನು ಮೆಲ್ಲಗೆ ಕೆಳಗಿಟ್ಟು, ಅಂಗಡಿಯಲ್ಲಿ ಕೆಲಸ ಇದೆ ಎಂದು ಹೊರಟುಹೋದ. ನೆರೆಯವರ ಜಗಳದಲ್ಲಿ ತಲೆಹಾಕುವವನಲ್ಲ ಅವನು; ಒಳ್ಳೆಯವನು ಎಂದು ಹೆಸರು ತೆಗೆದುಕೊಂಡದ್ದೇ ಹಾಗೆ.

ದೊಡ್ಡವನು ಕೂತಲ್ಲಿಂದ ಏಳಲಿಲ್ಲ. ಚಿಕ್ಕವನು ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಅಣ್ಣ ಬೈಯಲಿ, ನೀನೇ ಒಡೆದಿದ್ದೀಯ ಎನ್ನಲಿ ಎಂದು ಕಾದ.

"ಕೊಡೋದಾದ್ರೆ ಚೆನ್ನಾಗಿ ಕೊಡ್ಬೇಕು ಅಂತ ನಾನೇ ಕೂತು ಬಣ್ಣ ಹೊಡೆದೆ," ಎಂದ ದೊಡ್ಡವನು, ಯಾರ ಕಡೆಗೂ ನೋಡದೆ. "ಇಷ್ಟು ದೊಡ್ಡ ಬಿರುಕು ಕಣ್ಣಿಗೂ ಬೀಳ್ಲಿಲ್ಲ, ಕಿವಿಗೂ ಬೀಳ್ಲಿಲ್ಲ. ನಿನ್ನ ಕೊಂದೇಬಿಡ್ತಿದ್ನಲ್ಲೋ."

ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಿಕ್ಕವನ ಗಂಟಲಿಗೆ ಮಾತು ಬಂತು. ನಾನೇ ಒಡೆದೆ ಎಂಬ ಎರಡು ಪದ. ಟೈರ್ ಅಂಗಡಿಯವನು ಇನ್ನೂ ಹಲ್ಲು ಕಿರಿಯುತ್ತ ಪಕ್ಕದಲ್ಲೇ ಇದ್ದ. ಚಿಕ್ಕವನು ಉಗುಳು ನುಂಗಿದ, ಅದರ ಜೊತೆಗೆ ಆ ಮಾತೂ ಒಳಗೆ ಹೋಯಿತು. "ವಯಸ್ಸಾದ್ಮೇಲೆ ಸುಮ್ಮನಿರೋದು ಕಲೀಬೇಕು," ಎಂದ.

ದೊಡ್ಡವನು ತಲೆಯಾಡಿಸಿದ. ತನ್ನ ಸ್ಕ್ರೇಪರಿನ ಕಡೆ ಕೈ ತೋರಿಸಿ, "ಇದನ್ನೂ ನೀನೇ ತಗೊಂಡ್ಹೋಗು," ಎಂದ. "ಇನ್ಮೇಲೆ ನಾನು ಇದನ್ನ ಮುಟ್ಟೋದು ಬೇಡ. ಯಾರಿಗಾದ್ರೂ ಏನಾದ್ರೂ ಆದೀತು."

ಭಾನುವಾರ ಚಿಕ್ಕವನು ಟ್ರ್ಯಾಕ್ಟರ್ ತಂದ. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಬಯಲಿನ ದಿನ ಹತ್ತಿರ ಬಂದಿತ್ತು, ಇದಕ್ಕೆ ತಿನ್ನುವುದೂ ಕಕ್ಕುವುದೂ ಎರಡೂ ಗೊತ್ತಿತ್ತು. ದೊಡ್ಡವನು ಗ್ರೀಸ್ ಗನ್ನು, ಹಗ್ಗದ ಸುರುಳಿ, ಬಿಡಿ ಪಿನ್ನುಗಳನ್ನೆಲ್ಲ ಒಂದೊಂದಾಗಿ ತಂದು ಕೊಟ್ಟ. ಎಡಗಡೆಯ ಚಕ್ರದ ಬೇರಿಂಗು ಬೇಗ ಬಿಸಿಯಾಗುತ್ತದೆ ಎಂದ. ನಿಲ್ಲಿಸುವಾಗ ಮಣ್ಣು ತುಂಬುವ ತೊಟ್ಟಿಯನ್ನು ಹಗ್ಗದ ಮೇಲೆ ನೇತಾಡಲು ಬಿಡಬೇಡ, ನೆಲಕ್ಕೆ ಇಳಿಸು ಎಂದ. ಪ್ರತಿಯೊಂದಕ್ಕೂ, ನನ್ನ ಮಾತು ನಂಬಬೇಡ, ನೀನೇ ಒಮ್ಮೆ ನೋಡಿಕೋ ಎಂದು ಸೇರಿಸಿದ. ಗೊತ್ತು ಗೊತ್ತು ಎಂದ ಚಿಕ್ಕವನು.

ಓಣಿ ಇಕ್ಕಟ್ಟು, ತುಂಬ ಜಲ್ಲಿ. ಯಾರೂ ಕೇಳದೆಯೇ ದೊಡ್ಡವನು ಟ್ರ್ಯಾಕ್ಟರಿನ ಮುಂದೆ ಹೊರಟ. ಬಗ್ಗಿ ಬಗ್ಗಿ ನೆಲ ತಡವುತ್ತ, ಕೈಗೆ ಸಿಕ್ಕ ಕಲ್ಲುಗಳನ್ನು ಪಕ್ಕಕ್ಕೆ ಎಸೆಯುತ್ತ ನಡೆದ. ಟೈರಿಗೆ ಕಲ್ಲು ಚುಚ್ಚಬಾರದೆಂದು. ಟೈರ್ ಅಂಗಡಿಯ ಮುಂದೆ ನಾಲ್ಕು ಜನ ಎದ್ದು ನಿಂತು ನೋಡುತ್ತಿದ್ದರು. ಅವರ ಮುಂದೆ ಆಮೆಯ ಹಾಗೆ ತೆವಳುವುದು ಚಿಕ್ಕವನಿಗೆ ಸಹಿಸಲಾಗಲಿಲ್ಲ. ಹಾರ್ನ್ ಒತ್ತಿ ಹಿಡಿದ.

ದೊಡ್ಡವನು ಬೆಚ್ಚಿ ಪಕ್ಕಕ್ಕೆ ಸರಿದ. ಒಂದು ಕಾಲು ಚರಂಡಿಯಲ್ಲಿ ಇಳಿಯಿತು. ಹಾಗೇ ಗೋಡೆಗೆ ಒರಗಿ, ಟ್ರ್ಯಾಕ್ಟರ್ ಇದ್ದ ಕಡೆಗೆ ಅಂದಾಜಿನ ಮೇಲೆ ಮುಖ ತಿರುಗಿಸಿ, ಜಾಗ ಇದೆ, ಬಾ, ಬಾ ಎಂದು ಕೈ ಬೀಸತೊಡಗಿದ. ಯಂತ್ರ ಪೂರ್ತಿ ದಾಟಿಹೋದ ಮೇಲೂ, ಅದರ ಧೂಳಿನಲ್ಲಿ ನಿಂತು, ಬೀಸುತ್ತಲೇ ಇದ್ದ.