ಕೆಟ್ಟುಹೋದ ಹತ್ತೊಂಬತ್ತು ಚೂರುಗಳು

೧
ಎಲ್ಲಿಂದ ಶುರುಮಾಡಲಿ? ನಮ್ಮ ಪ್ಲೋವ್‌ದಿವ್ ಊರಿನಲ್ಲಿ ಯಾರಾದರೂ ಸತ್ತರೆ ಅವರ ಫೋಟೊ ಇರುವ ಕಾಗದವನ್ನು ಕಟ್ಟಡದ ಬಾಗಿಲಿಗೆ ಅಂಟಿಸುತ್ತೇವೆ, ನಲವತ್ತನೆಯ ದಿನಕ್ಕೆ ಇನ್ನೊಂದು. ಮೊದಲ ಕರಡಿನಲ್ಲಿ ಮೂರನೇ ಮಹಡಿಯ ಸ್ತೋಯ್ನಾ ಅಕ್ಕನ ಫೋಟೊ ಅಂಟಿಸಿಯೇ ಕಥೆ ತೆರೆದಿದ್ದೆ. ಓದುಗರ ಕಣ್ಣು ಒದ್ದೆಯಾಗಲಿ ಎಂಬ ದುರಾಸೆ.

ಅವಳಿಗೇ ಓದಿ ಹೇಳಿದೆ. ಬಾಲ್ಕನಿಯಲ್ಲಿ ಸುಟ್ಟ ದಪ್ಪಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಗುಂಡುಕಲ್ಲಿನ ಹಾಗೆ ಕೂತಿದೀನಿ, ಆಗಲೇ ನನ್ನ ತಿಥಿಗೆ ಗೋಧಿ ಬೇಯಿಸ್ತಿದೀಯಲ್ಲೇ ಮಿಂಕಾ. ಹರಿದು ಹಾಕು."

ಹರಿದು ಹಾಕಿದೆ.

೧ (ಮತ್ತೆ)
ವಿಜ್ಞಾನದಿಂದ ಶುರುಮಾಡೋಣ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕರುಳಿನ ಚೂರುಗಳನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕುವವಳು. ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿರುತ್ತವೆ. ಕೋಶ ಬದುಕುವುದು ಅವು ಬೇಯಿಸಿಕೊಟ್ಟದ್ದರಲ್ಲಿ. ಒಲೆ ಉರಿಯುತ್ತಿದ್ದರೆ ನಾನು ಹಾಕಿದ ಬಣ್ಣ ಕಂದಾಗಿ ಹಿಡಿಯುತ್ತದೆ, ಆರಿದ್ದರೆ ಹಿಡಿಯುವುದಿಲ್ಲ. ದೊಡ್ಡಕರುಳಿನಲ್ಲಿ ವರ್ಷಾನುಗಟ್ಟಲೆ ಉರಿಯೂತವಿದ್ದರೆ ಒಲೆಗಳು ಒಂದೊಂದಾಗಿ ಆರಬಹುದು. (ಪಂಡಿತರು ಮೂಗು ಮುರಿಯಲಿ. ಹದಿನಾಲ್ಕು ವರ್ಷ ಆ ಉರಿಯೂತದಲ್ಲಿ ನರಳಿದ ಸ್ತೋಯ್ನಾ ಅಕ್ಕನಿಗೆ ಇಷ್ಟನ್ನಾದರೂ ಹೇಳಬೇಕೆಂದು ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.)

೩
(ಎರಡನ್ನು ಕಿತ್ತು ಹಾಕಿದ್ದೇನೆ. ಅದರಲ್ಲಿ ನನ್ನನ್ನು ನಾನೇ ಹೊಗಳಿಕೊಂಡಿದ್ದೆ.)

ಐದು ವರ್ಷದ ಹಿಂದೆ ಪ್ರೊಫೆಸರ್ ಕಂಬುರೋವ್ ಒಂದು ಸಂಶೋಧನೆ ಹೂಡಿದರು. ಪ್ರತಿ ರೋಗಿಯ ಕರುಳಿನಿಂದ ಎರಡು ಚೂರು: ಒಂದು ಊದಿಕೊಂಡ ಜಾಗದ್ದು, ಇನ್ನೊಂದು ನೋಡಲು ಚೆನ್ನಾಗಿರುವ ಜಾಗದ್ದು. ಈ ಎರಡನೆಯದಕ್ಕೆ 'ಕಂಟ್ರೋಲ್' ಎಂದು ಹೆಸರು. ಅದು ಆರೋಗ್ಯವಾಗಿದೆ ಎಂದು ಮೊದಲೇ ತೀರ್ಮಾನ ಮಾಡಿ, ಅದರ ಪಕ್ಕದಲ್ಲಿಟ್ಟು ಮೊದಲನೆಯದನ್ನು ಅಳೆಯುವುದು ಪದ್ಧತಿ. ಸ್ತೋಯ್ನಾ ಅಕ್ಕನ ಕಂಟ್ರೋಲ್ ಚೂರಿಗೆ ಬಣ್ಣ ಹಿಡಿಯಲಿಲ್ಲ. ಮೂರು ಸಲ ಹಾಕಿದೆ. ಬಿಳಿಚಿಕೊಂಡೇ ಇತ್ತು.

ಪ್ರೊಫೆಸರಿಗೆ ತೋರಿಸಿದೆ.

"ಕಂಟ್ರೋಲ್ ಕೆಟ್ಟಿರಲ್ಲ ಮಿಂಕಾ. ಕೆಟ್ಟಿರೋದು ನಿನ್ನ ಕೈ."

ನೋಂದಣಿ ಪುಸ್ತಕದಲ್ಲಿ 'ಚೂರು ಕೆಟ್ಟಿದೆ, ತಂತ್ರಜ್ಞೆಯ ತಪ್ಪು' ಎಂದು ಬರೆಸಿದರು. ನಾನು ಸಹಿ ಹಾಕಿದೆ. ಈಗ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ಅವರ ಮೇಲೆ, ಇನ್ನರ್ಧ ಬಾಯಿ ಮುಚ್ಚಿಕೊಂಡು ಸಹಿ ಹಾಕಿದ ನನ್ನ ಮೇಲೆ.

(ಇಲ್ಲಿ ಪ್ರೊಫೆಸರ್ ಪಾತ್ರ ತಕರಾರು ತೆಗೆಯುತ್ತದೆ. ನಾನು ಅವರನ್ನು ಖಳನಾಯಕ ಮಾಡಿದ್ದೇನಂತೆ. ಎಲ್ಲ ಲ್ಯಾಬಿನಲ್ಲೂ ಹಾಗೇ ಮಾಡುತ್ತಾರಂತೆ. ಸ್ವಾಮಿ, ನನ್ನ ದೂರೂ ಅದೇ. ಬೇಕಾದರೆ ನಿಮಗೊಂದು ಒಳ್ಳೆಯ ಮೀಸೆ ಕೊಡುತ್ತೇನೆ, ಕ್ಷಮೆ ಕೊಡುವುದಿಲ್ಲ.)

೪
ಮೂರು ವರ್ಷದ ಮೇಲೆ ಸ್ತೋಯ್ನಾ ಅಕ್ಕನ ಕರುಳಿನ ಅದೇ ಜಾಗದ ಇನ್ನೊಂದು ಚೂರು ಬಂತು. ಈ ಸಲ ಬಣ್ಣ ಗಾಢವಾಗಿ ಹಿಡಿಯಿತು. ಒಲೆಗಳು ಮತ್ತೆ ಹೊತ್ತಿದ್ದವು. ನಾನೊಬ್ಬಳು ಪೆದ್ದಿ, ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ಕಟ್ಟಿಸಿಕೊಂಡು ಹೋಗಿ ಅವಳ ಬಾಗಿಲು ತಟ್ಟಿ, ಗುಣವಾಗಿದೆ ಅಕ್ಕ ಎಂದು ಹೇಳಿ ಬಂದೆ. ಇಬ್ಬರೂ ಕೂತು ತಿಂದೆವು. ಮರುವಾರ ಅದೇ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಕ್ಯಾನ್ಸರ್ ಎಂದರು. ಹೊಟ್ಟೆಬಾಕ ಗಡ್ಡೆಗೆ ಅಡುಗೆ ಬೇಕಿತ್ತು, ಒಲೆ ಹೊತ್ತಿಸಿಕೊಂಡಿತ್ತು. ಉರಿಯೂತಕ್ಕೂ ಕ್ಯಾನ್ಸರಿಗೂ ನಡುವೆ ಒಲೆ ಆರಿದ್ದ ಆ ಕಾಲವೇ ನಮಗಿದ್ದ ಎಚ್ಚರಿಕೆ. ಅದನ್ನು ನಾವು ಕಸದ ಬುಟ್ಟಿಗೆ ಹಾಕಿದ್ದೆವು.

೫: ಮುಕ್ತಾಯಗಳು
ಅ) ಸ್ತೋಯ್ನಾ ಅಕ್ಕ ಪೂರ್ತಿ ಗುಣವಾಗುತ್ತಾಳೆ, ಪ್ರೊಫೆಸರ್ ಅವಳ ಮುಂದೆ ಅಳುತ್ತಾರೆ. (ನಗಬೇಡಿ.)

ಆ) ಬಾಗಿಲಿಗೆ ಕಾಗದ.

ಇ) ಎರಡು ವರ್ಷದ ಹಿಂದೆ ಅವಳ ದೊಡ್ಡಕರುಳು ಕತ್ತರಿಸಿ ತೆಗೆದರು, ಬರುವ ಗುರುವಾರ ಸ್ಕ್ಯಾನ್ ಇದೆ. ಏನು ಬರುತ್ತದೋ ಯಾರಿಗೂ ಗೊತ್ತಿಲ್ಲ. (ಇದು ನಿಜ. ಅದಕ್ಕೇ ಕಥೆಗೆ ಆಗಿಬರುವುದಿಲ್ಲ.)

ಮೂರನ್ನೂ ಅವಳಿಗೆ ಓದಿದೆ. ಆಮೇಲೆ, ಇಷ್ಟು ದಿನ ಮುಚ್ಚಿಟ್ಟಿದ್ದ ನೋಂದಣಿ ಪುಸ್ತಕದ ಫೋಟೊವನ್ನು ಫೋನಿನಲ್ಲಿ ತೋರಿಸಿದೆ. ಬೈಯಲಿ ಎಂದು ಕಾದೆ. ಅವಳು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಅವಳ ಬೆರಳು ಅವಳ ಹೆಸರಿನಲ್ಲಿ ನಿಲ್ಲದೆ ಕೆಳಗಿಳಿಯಿತು.

"ಇಲ್ಲೂ 'ಕೆಟ್ಟಿದೆ' ಅಂತ ಇದೆ. ಇಲ್ಲೂ ಇದೆ. ಇವರೆಲ್ಲ ಯಾರೇ?"

ಪುಸ್ತಕದಲ್ಲಿ ಆ ಮಾತು ಹತ್ತೊಂಬತ್ತು ಸಲ ಇದೆ. ಎಲ್ಲವೂ ಬಣ್ಣ ಹಿಡಿಯದ ಕಂಟ್ರೋಲ್ ಚೂರುಗಳೇ. ಅವಳದ್ದು ಒಂದು. ಉಳಿದ ಹದಿನೆಂಟರ ಕೆಳಗೂ ನನ್ನದೇ ಸಹಿ. ಅವರಿಗೆ ಹೇಳಿದ್ದೀಯಾ ಎಂದು ಕೇಳಿದಳು. ತಂತ್ರಜ್ಞರು ರೋಗಿಗಳ ಜೊತೆ ಮಾತಾಡಬಾರದೆಂದು ನಿಯಮವಿದೆ ಎಂದೆ. ಅವಳು ಮೆಣಸಿನಕಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹದಿನೆಂಟು ಬಾಗಿಲಿಗೆ ಕಾಗದ ಬೀಳೋ ಮುಂಚೆ ಹೋಗಿ ತಟ್ಟೋದು ಬಿಟ್ಟು, ನನ್ನೆದುರು ಕಥೆ ಓದ್ಕೊಂಡು ಕೂತಿದೀಯಾ? ಎದ್ದೇಳೇ."

೬
ಮುಕ್ತಾಯ ಇಲ್ಲ ಓದುಗರೇ, ನನಗೀಗ ಪುರುಸೊತ್ತಿಲ್ಲ. ಪಟ್ಟಿಯ ಮೊದಲ ಹೆಸರು ರುಮೆನ್ ತಾಖೊವ್, ಬಸ್ ಚಾಲಕ, ನಲವತ್ತಾರು ವರ್ಷ. ನಿಯಮದ ಪುಸ್ತಕ ಹಿಡಿದು ಯಾರು ಬರುತ್ತಾರೋ ಬರಲಿ. ಸ್ತೋಯ್ನಾ ಅಕ್ಕ ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿದ್ದಾಳೆ. ತಾಖೊವ್ ಮನೆಯ ನಂಬರ್ ಒತ್ತಿದ್ದೇನೆ, ಆ ಕಡೆ ಫೋನ್ ರಿಂಗಾಗುತ್ತಿದೆ. ಯಾರೋ ಹೆಂಗಸು ಎತ್ತಿ ಯಾರು ಎಂದು ಕೇಳುತ್ತಿದ್ದಾರೆ.

ಎಲ್ಲಿಂದ ಶುರುಮಾಡಲಿ?